ಪಾದ್ರಿ ಮೋಗ್ಲಿಂಗ್ ಮತ್ತು ದಾಸರ ಪದ

ಪ್ರಶ್ನೆ: ಹರ್ಮನ್ ಮೋಗ್ಲಿಂಗ್ ಮತಪ್ರಚಾರಕ್ಕೆ ಬಂದವರು. ಅವರನ್ನು ಕನ್ನಡಿಗರು ಯಾಕೆ ನೆನೆಯಬೇಕು?

ಉತ್ತರ: ಮತಪ್ರಚಾರಕ್ಕೇ ಬಂದರು, ಅದನ್ನು ಮುಚ್ಚಿಡಬೇಕಿಲ್ಲ. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮತಪ್ರಚಾರ ಸಂಸ್ಥೆ ಬಾಸೆಲ್ ಮಿಷನ್‌ನ ಪಾದ್ರಿಯಾಗಿ 1836ರಲ್ಲಿ ಭಾರತಕ್ಕೆ ಬಂದವರು ಕನ್ನಡ ಕಲಿತರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ ಅದು! ಕಲ್ಲಚ್ಚಿನಲ್ಲಿ ಮುದ್ರಿಸಿ, ಹದಿನೈದು ದಿನಕ್ಕೊಮ್ಮೆ ತರುತ್ತಿದ್ದರು. ಆಮೇಲೆ ಕೊಡಗಿನಲ್ಲೂ ದುಡಿದರು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಬೇರೆ ಕೆಲಸ. ತಮ್ಮದಲ್ಲದ ಧರ್ಮದ ದಾಸರ ಪದಗಳನ್ನು ಈ ಪಾದ್ರಿ ಕೂಡಿಸಿ ಅಚ್ಚು ಹಾಕಿಸಿದರು. ಜೈಮಿನಿ ಭಾರತವನ್ನೂ ಅಚ್ಚಿಗೆ ತಂದರು. ಸುಮ್ನೆ ಆಗುವ ಕೆಲಸವಲ್ಲ, ಅಲ್ವಾ? ಓಲೆಗರಿಯಲ್ಲಿ, ಬಾಯಿಪಾಠದಲ್ಲಿ ಉಳಿದಿದ್ದ ಹಾಡು ಪುಸ್ತಕವಾಗಿ ಕೈಗೆ ಬಂತು. ಅವರ ಮತ ನನ್ನದಲ್ಲ. ಆದರೂ ದಾಸರ ಪುಸ್ತಕ ತೆರೆದಾಗಲೆಲ್ಲ ಅವರನ್ನು ನೆನೆಯುತ್ತೇನೆ.