ಫೋನಿಗೆ ಬೈದದ್ದು, ಅಣ್ಣ ಕೈ ಎತ್ತಿದ್ದು

ಗುರುತು ಸಿಗದ ಹಾಗೆ ಊರು, ವಯಸ್ಸು, ಕೆಲಸ ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ. ಬರೆಯಲು ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದಾರೆ.

ಹುಡುಗನಿಗೆ 29. ಕುಂಬಳೆ ಕಡೆಯವನು. ಮಂಗಳೂರಿನಲ್ಲಿ ಕೆಲಸ, ದಿನಾ ರೈಲಿನಲ್ಲಿ ಓಡಾಟ. ನಿಶ್ಚಿತಾರ್ಥ ಆಗಿ ಒಂದೂವರೆ ತಿಂಗಳು. ಕಾಸರಗೋಡಿನಲ್ಲಿ ನಾನು ಸಲಹೆ ಕೊಡುವ ಕೋಣೆಗೆ ಬಂದು ಕೂತವನು ಮೊದಲು ಹೇಳಿದ್ದೇ ಇದು: "ಮೇಡಂ, ನಾನು ಮನುಷ್ಯರಿಗೆ ಬೈದದ್ದೇ ಅಲ್ಲ. ಫೋನಿಗೆ ಬೈದದ್ದು."

ಆದದ್ದು ಇಷ್ಟು. ಒಂದು ಭಾನುವಾರ ಹುಡುಗಿಯ ಮನೆಗೆ ಊಟಕ್ಕೆ ಹೋಗಿದ್ದಾನೆ. ಬದಿಯಡ್ಕದಿಂದ ಆಚೆ, ಗೇರು ಗುಡ್ಡದ ಬುಡದಲ್ಲಿ ಮನೆ. ಊಟ ಮುಗಿಸಿ ಜಗಲಿಯಲ್ಲಿ ಕೂತು ಮದುವೆ ಹಾಲಿನ ಫೋಟೋ ತೋರಿಸಲು ಹೊರಟರೆ ಫೋನ್ ಹ್ಯಾಂಗ್ ಆಯಿತು. ಬೆರಳಲ್ಲಿ ಎರಡು ಸಲ ಕುಟ್ಟಿ, "ಥತ್, ಇದೊಂದು ಎಂಡೋ" ಅಂದ.

ಜಗಲಿಯ ಮೂಲೆಯಲ್ಲಿ ಹುಡುಗಿಯ ಅಣ್ಣ ಕೂತಿದ್ದ. 31 ವರ್ಷ. ಬುದ್ಧಿಯ ಬೆಳವಣಿಗೆ ಕಡಿಮೆ, ಫಿಟ್ಸ್ ಇದೆ, ಆಡುವ ಮಾತು ನಾಲ್ಕಾರು. ಆ ಶಬ್ದ ಕಿವಿಗೆ ಬಿದ್ದದ್ದೇ ಅಣ್ಣ ಬಲಗೈ ಎತ್ತಿದ.

ಮೆಡಿಕಲ್ ಕ್ಯಾಂಪಿನಲ್ಲಿ ಕರೆದಾಗ ಹಾಗೆ ಕೈ ಎತ್ತಬೇಕು ಅಂತ ಅಮ್ಮ ಚಿಕ್ಕಂದಿನಲ್ಲಿ ಕಲಿಸಿದ್ದು. "ಎಂಡೋದವರು ಈ ಕಡೆ" ಅಂತ ಯಾರಾದರೂ ಕೂಗಿದರೆ ಕೈ ಮೇಲೆ. ಅಮ್ಮ ಏನೂ ಹೇಳದೆ ಒಳಗೆ ಹೋದರು. ಹುಡುಗಿ ಅಣ್ಣನ ಕೈ ಹಿಡಿದು ಮೆಲ್ಲ ಕೆಳಗೆ ಇಳಿಸಿದಳು. ಅಂದಿನಿಂದ ಅವಳು ಹುಡುಗನ ಫೋನ್ ಎತ್ತಿಲ್ಲ.

ನಮ್ಮ ಜಿಲ್ಲೆಯ ಆಚೆ ಇರುವವರಿಗೆ ಇದು ಗೊತ್ತಿರಲಿಕ್ಕಿಲ್ಲ. ಇಲ್ಲಿನ ಗೇರು ತೋಟಗಳಿಗೆ ಟೀ ಸೊಳ್ಳೆಯ ಕಾಟ ಅಂತ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಎಂಡೋ ಅಂದರೆ ಅದೇ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು, ಹೀಗೆ ಪಂಚಾಯತಿ ಪಂಚಾಯತಿಗಳಲ್ಲಿ ಅದರಿಂದ ನೊಂದ ಮನೆಗಳಿವೆ, ಮನೆಗಳಲ್ಲಿ ಈ ಅಣ್ಣನ ಹಾಗಿನ ಮಕ್ಕಳಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿತು. ಇಷ್ಟು ದೊಡ್ಡ ಕತೆ ಹುಡುಗನ ಬಾಯಲ್ಲಿ ಎರಡಕ್ಷರದ ಬೈಗುಳ ಆಗಿತ್ತು. ನಿಧಾನದ ಬೈಕಿಗೆ, ಕ್ಯಾಚ್ ಬಿಟ್ಟವನಿಗೆ, ಸಿಗ್ನಲ್ ಇಲ್ಲದ ಟವರಿಗೆ. ಅವನ ಕ್ರಿಕೆಟ್ ಗ್ರೂಪಿನಲ್ಲಿ ಅದು ದಿನಬಳಕೆಯ ಮಾತು.

"ಅವರ ಮನೆಯಲ್ಲೇ ಹೇಳ್ತಾರೆ ಮೇಡಂ" ಅಂದ. "ಎಂಡೋ ಲಿಸ್ಟ್, ಎಂಡೋ ಪೆನ್ಷನ್, ಎಂಡೋ ಕ್ಯಾಂಪ್. ನಾನು ಹೇಳಿದರೆ ಮಾತ್ರ ಎಂತ?"

ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಲಿಸ್ಟಿನಲ್ಲಿ ಹೆಸರು ಸೇರಿಸಲು ಆ ಅಮ್ಮ ಎಷ್ಟು ಸಲ ಬಸ್ಸು ಹತ್ತಿದ್ದಾರೋ. ಅವರ ಬಾಯಲ್ಲಿ ಆ ಶಬ್ದ ಬರುವುದು ರೇಷನ್ ಕಾರ್ಡ್ ಅಂದ ಹಾಗೆ. ಇವನ ಬಾಯಲ್ಲಿ ಅದು ‘ಕೆಲಸಕ್ಕೆ ಬಾರದ್ದು’ ಅನ್ನುವುದಕ್ಕೆ ಬದಲಿ ಶಬ್ದ. ನಾನು ಕೇಳಿದೆ, "ಫೋನ್ ಹ್ಯಾಂಗ್ ಆದಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?" "ಎಂತ ಇರಲಿಲ್ಲ. ಹಾಳಾಗಿದೆ ಅಂತ ಅಷ್ಟೇ." "ಹಾಗಾದರೆ ಎಂಡೋ ಅಂದರೆ ಹಾಳಾಗಿದೆ ಅಂತ ಆಯ್ತಲ್ವಾ?" ಅವನು ಮಾತಾಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರು. "ನಮ್ಮಲ್ಲಿ ಎಲ್ಲರೂ ಹೇಳುವುದೇ. ಪೊಟ್ಟ ಅಂತಾರೆ, ಕೆಪ್ಪ ಅಂತಾರೆ, ಮೆಂಟಲ್ ಅಂತಾರೆ. ಯಾರಿಗೂ ಬೇಜಾರಾಗುವುದಿಲ್ಲ."

ಪೊಟ್ಟ ಅಂದಾಗ ನನಗೆ ತೆಯ್ಯಂ, ಅಂದರೆ ನಮ್ಮ ಕಡೆಯ ದೈವದ ಕುಣಿತ, ನೆನಪಾಯಿತು. ಮಾತು ಬಾರದವನನ್ನು ತುಳುವಿನಲ್ಲಿ ಪೊಟ್ಟೆ ಅನ್ನುತ್ತಾರೆ. ಮಲಯಾಳದ ಪೊಟ್ಟನ್ ಕೂಡ ಕಿವಿ ಕೇಳದ, ಮಾತು ಬಾರದವನಿಗೆ ಹೇಳುವ ಮಾತು. ಎರಡರಲ್ಲೂ ಅದೇ ಶಬ್ದ ದಡ್ಡನಿಗೂ ನಡೆಯುತ್ತದೆ. ಮಾತಾಡದವನಿಗೆ ತಲೆಯೂ ಇಲ್ಲ ಅಂತ ಯಾರೋ ಲೆಕ್ಕ ಹಾಕಿದ್ದು. ನಮ್ಮ ಪೊಟ್ಟನ್ ತೆಯ್ಯಂ ನೋಡಿದವರಿಗೆ ಗೊತ್ತು. ಆ ‘ಪೊಟ್ಟ’ನೇ ಶಂಕರಾಚಾರ್ಯರನ್ನು ದಾರಿಯಲ್ಲಿ ನಿಲ್ಲಿಸಿ, ಕೊಯ್ದರೆ ನಿಮ್ಮಲ್ಲೂ ನನ್ನಲ್ಲೂ ಬರುವುದು ರಕ್ತವೇ ಅಲ್ಲವೇ ಅಂತ ಕೇಳುತ್ತಾನೆ. ಕೆಂಡದ ರಾಶಿಯ ಮೇಲೆ ಆರಾಮಾಗಿ ಒರಗುತ್ತಾನೆ. ಅವನಿಗೆ ಕೈ ಮುಗಿದು ಬಂದವರೇ ಮರುದಿನ ಆಟದ ಬಯಲಿನಲ್ಲಿ ಒಬ್ಬನಿಗೆ ‘ಪೊಟ್ಟ’ ಅಂತ ಕೂಗುತ್ತೇವೆ. ಇದನ್ನು ಹುಡುಗನಿಗೂ ಹೇಳಿದೆ. ಅವನು ತೆಯ್ಯಂ ತಪ್ಪಿಸುವವನಲ್ಲ. ತಲೆ ಕೆರೆದುಕೊಂಡ.

ಅಷ್ಟರಲ್ಲಿ ನನ್ನದೇ ಬಾಯಿ ಜಾರಿತು. "ಯಾರಿಗೂ ಬೇಜಾರಾಗುವುದಿಲ್ಲ ಅನ್ನುವುದು ಕುಂಟುನೆಪ" ಅಂದುಬಿಟ್ಟೆ. ಹುಡುಗ ಥಟ್ಟನೆ, "ಕುಂಟು! ಈಗ ನೀವೇ ಹೇಳಿದಿರಿ!" ಅಂದ. ಗೆದ್ದವನ ಮುಖ.

"ಹೌದು, ತಪ್ಪಾಯ್ತು. ಸಬೂಬು ಅನ್ನಬೇಕಿತ್ತು" ಅಂದೆ. ಮುಂದಿನ ಮಾತಿಗೆ ಹೋದೆ.

ಅವನು ಇನ್ನೂ ಕಾಯುತ್ತಿದ್ದ. ನಾನು ವಾದಿಸುತ್ತೇನೆ, ಕುಂಟುನೆಪ ಹಳೆಯ ಕನ್ನಡ, ಎಲ್ಲರೂ ಬರೆಯುತ್ತಾರೆ ಅನ್ನುತ್ತೇನೆ ಅಂತ. ಕೊನೆಗೆ "ಅಷ್ಟೇನಾ?" ಅಂದ. ಅಷ್ಟೇ. ಆ ದಿನ ನಾನು ಕೊಟ್ಟ ಸಲಹೆಗಳಲ್ಲಿ ಅವನ ತಲೆಗೆ ಹೋದದ್ದು ಇದೊಂದೇ ಅಂತ ಕಾಣುತ್ತದೆ. ಅವನು ಹುಡುಗಿಗೆ ಕಳಿಸಿದ್ದ ಮೆಸೇಜ್ ತೋರಿಸಿದ್ದ. ಹದಿನೆಂಟು ಸಾಲು. ಮೊದಲ ಸಾಲು ಸಾರಿ, ಎರಡನೆಯದು ‘ಆದರೆ’.

ಎಲ್ಲ ಶಬ್ದಕ್ಕೂ ಒಂದೇ ತೂಕ ಅಂತ ನಾನು ಹೇಳುವುದಿಲ್ಲ. ಕುರುಡು ನಂಬಿಕೆ ಅಂದವರನ್ನೆಲ್ಲ ತಡೆದು ನಿಲ್ಲಿಸಿದರೆ ನಾಳೆಯಿಂದ ಯಾರೂ ನನ್ನ ಹತ್ತಿರ ಬರಲಿಕ್ಕಿಲ್ಲ. ಆದರೆ ಎಂಡೋ ಬೇರೆ. ಆ ಶಬ್ದದ ಮನೆಗಳು ಇಲ್ಲೇ ಇವೆ, ಆಟೋದಲ್ಲಿ ಹೋಗಿ ಬರುವಷ್ಟು ಹತ್ತಿರ.

ಇನ್ನೊಂದು ಭಯವೂ ಇತ್ತು ಅವನಿಗೆ. ಗೆಳೆಯನೊಬ್ಬ ಹೆದರಿಸಿದ್ದ, ಕೇಸು ಹಾಕಿದರೆ ಜೈಲು ಅಂತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಇರುವುದು ನಿಜ. ನಾಲ್ಕು ಜನರ ಎದುರು, ಬೇಕೆಂದೇ, ಕೀಳು ಮಾಡಲು ಅವಮಾನಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆ. ಅವನದು ಬೇಕೆಂದೇ ಆಡಿದ ಮಾತಲ್ಲ. ಹೆಚ್ಚಿನದ್ದನ್ನು ವಕೀಲರ ಹತ್ತಿರ ಕೇಳಿ ಅಂದೆ. ಆ ಮನೆಯವರಿಗೆ ಪೊಲೀಸ್ ಸ್ಟೇಷನ್ ನೆನಪೇ ಬಂದಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಹುಡುಗಿ ಮುಂದಿನ ವಾರ ಒಬ್ಬಳೇ ಬಂದಳು. 26 ವರ್ಷ. ಕೈಯಲ್ಲಿ ಅಣ್ಣನ ಫೈಲು. ಯಾಕೆ ತಂದಳೋ, ಅಭ್ಯಾಸ ಇರಬೇಕು. ಹಳೆಯ ಸರ್ಟಿಫಿಕೇಟಿನಲ್ಲಿ ‘ಮೆಂಟಲ್ ರಿಟಾರ್ಡೇಶನ್’ ಅಂತ ಇತ್ತು. 1995ರ ಕಾಯ್ದೆಯಲ್ಲಿದ್ದ ಹೆಸರೇ ಅದು. 2016ರ ಕಾಯ್ದೆಯಲ್ಲಿ ‘ಬೌದ್ಧಿಕ ಅಂಗವೈಕಲ್ಯ’ ಅಂತಾಯಿತು. ಹೊಸ ಕಾರ್ಡಿನಲ್ಲಿ ಅದೇ ಇದೆ. "ಈ ಹಳೇ ಶಬ್ದವನ್ನು ಕಾಲೇಜಿನಲ್ಲಿ ದಿನಾ ಕೇಳುತ್ತಿದ್ದೆ ಮೇಡಂ, ತಮಾಷೆಗೆ" ಅಂದಳು. ಸ್ವಲ್ಪ ತಡೆದು, "ನಾನೂ ನಗುತ್ತಿದ್ದೆ. ಅಣ್ಣ ಇದ್ದಾನೆ ಅಂತಲೇ ಯಾರಿಗೂ ಹೇಳಿರಲಿಲ್ಲ."

ಆಮೇಲೆ ಅತ್ತಳು. ಹುಡುಗನ ಮೇಲಿನ ಸಿಟ್ಟಿನಲ್ಲಿ ಅರ್ಧ ತನ್ನ ಮೇಲಿನದ್ದು ಅಂತ ಅವಳಿಗೇ ಕಂಡಿತು, ನಾನು ಹೇಳಬೇಕಾಗಿ ಬರಲಿಲ್ಲ.

ನಾನು ಕೇಳಿದ್ದು ಬೇರೆ. ಅಪ್ಪ ಅಮ್ಮನಿಗೆ ಆಗದ ಕಾಲಕ್ಕೆ ಅಣ್ಣ ಎಲ್ಲಿರುತ್ತಾನೆ ಅಂತ ಇವನ ಹತ್ತಿರ ಮಾತಾಡಿದ್ದೀರಾ? ಇಲ್ಲ. ಒಂದೂವರೆ ತಿಂಗಳಲ್ಲಿ ಹಾಲ್, ಸೀರೆ, ಕ್ಯಾಟರಿಂಗ್ ಎಲ್ಲ ಮಾತಾಗಿದೆ. ಇದು ಮಾತ್ರ ಆಗಿಲ್ಲ. ಎಂಡೋ ಅನ್ನುವ ಶಬ್ದ ಬಿದ್ದಾಗ ಅವಳು ಹೆದರಿದ್ದು ಅದಕ್ಕೇ ಇರಬೇಕು. ಫೋನಿಗೆ ಹೀಗೆ ಅನ್ನುವವನು ನಾಳೆ ಅಣ್ಣನನ್ನು ಏನಂದುಕೊಳ್ಳುತ್ತಾನೋ ಅಂತ. ಸಿಟ್ಟಿನ ವಾರದಲ್ಲಿ ಮದುವೆ ಮುರಿಯುವ ತೀರ್ಮಾನ ಬೇಡ, ಮೊದಲು ಈ ಪ್ರಶ್ನೆ ಕೇಳಿ ಅಂದೆ. ಜೊತೆಗೆ ಒಂದು ಕಾಗದದ ಕೆಲಸವನ್ನೂ ಹೇಳಿದೆ. ಇಂಥ ಮಕ್ಕಳು 18 ದಾಟಿದ ಮೇಲೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಲೆಕ್ಟರ್ ಇರುವ ಜಿಲ್ಲಾ ಸಮಿತಿಗೆ ಅರ್ಜಿ ಹಾಕಿ ಗಾರ್ಡಿಯನ್ ನೇಮಿಸಿಕೊಳ್ಳಬಹುದು. ಅವರ ಮನೆಯಲ್ಲಿ ಅದು ಆಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಆಗಿರುವುದಿಲ್ಲ.

ಹುಡುಗನಿಗೆ ಎರಡನೇ ಸಲ ಹೇಳಿದ್ದು ಜಾಸ್ತಿ ಏನಿಲ್ಲ. ಮೆಸೇಜ್ ಬೇಡ, ಸ್ಟೇಟಸ್ ಅಂತೂ ಬೇಡವೇ ಬೇಡ, ಮನೆಗೆ ಹೋಗಿ. ಅಮ್ಮನ ಹತ್ತಿರ ಒಂದು ಸಾಲು, ‘ಆದರೆ’ ಇಲ್ಲದೆ. ‘ದೇವರ ಮಕ್ಕಳು’ ಅಂತೆಲ್ಲ ಶುರು ಮಾಡಬೇಡಿ, ಆ ಅಮ್ಮ ಅದನ್ನು ಎಷ್ಟು ಕೇಳಿದ್ದಾರೋ. ಅಣ್ಣನಿಗೆ ಹೆಸರಿದೆ, ಹೆಸರು ಹಿಡಿದು ಕರೆಯಿರಿ. ಕ್ರಿಕೆಟ್ ಗ್ರೂಪಿನಲ್ಲಿ ಭಾಷಣ ಬೇಡ. ಯಾರಾದರೂ ಅಂದಾಗ "ಅದು ಬೇಡ ಮಾರಾಯ" ಅಂದರೆ ಸಾಕು. ಫೋನ್ ಹ್ಯಾಂಗ್ ಆದರೆ ಹ್ಯಾಂಗ್ ಆಯಿತು ಅನ್ನಿ.

"ಅಣ್ಣನಿಗೆ ಸಾರಿ ಹೇಳಿದರೆ ಗೊತ್ತಾಗುತ್ತದಾ?" ಅಂತ ಕೇಳಿದ. ನನಗೆ ಗೊತ್ತಿಲ್ಲ, ಅವನ ಹತ್ತಿರ ಅರ್ಧ ಗಂಟೆ ಕೂತು ನೋಡಿ ಅಂದೆ.

ಹೋಗಿದ್ದಾನೆ. ಉಳಿದದ್ದನ್ನು ಹುಡುಗಿ ಫೋನಿನಲ್ಲಿ ಹೇಳಿದಳು. ಅಮ್ಮನ ಎದುರು ನಿಂತು ಒಂದೇ ಸಾಲು ಹೇಳಿದನಂತೆ. ಅಮ್ಮ "ಆಯ್ತು, ಕೂತ್ಕೋ" ಅಂದು ಚಾ ಮಾಡಲು ಹೋದರಂತೆ, ಕ್ಷಮಿಸಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಆಮೇಲೆ ಜಗಲಿಗೆ ಬಂದು ಅಣ್ಣನ ಹೆಸರು ಕರೆದ. ಅಣ್ಣ ಕೈ ಎತ್ತಲಿಲ್ಲ. ತಿರುಗಿ ನೋಡಿ, ಫೋನ್ ಕೊಡು ಅಂತ ಕೈ ಚಾಚಿದ. ಆ ಫೋಟೋಗಳನ್ನು ಎರಡು ಸಲ ಮೇಲಿಂದ ಕೆಳಗೆ ಉಜ್ಜಿ, ಜೊಲ್ಲು ಒರೆಸದೆಯೇ ವಾಪಸ್ ಕೊಟ್ಟನಂತೆ. ಹುಡುಗ ಅದನ್ನು ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡ.

ಅಣ್ಣ ಮುಂದೆ ಎಲ್ಲಿರುತ್ತಾನೆ ಅನ್ನುವ ಮಾತು ಇನ್ನೂ ಅರ್ಧದಲ್ಲಿದೆ. ಗಾರ್ಡಿಯನ್ ಅರ್ಜಿಯ ಫಾರಂ ತಂದಿದ್ದಾರೆ. ಮದುವೆಯ ದಿನವನ್ನು ಅಡಿಕೆ ಕೊಯ್ಲು ಮುಗಿದ ಮೇಲೆ ನೋಡುವಾ ಅಂದಿದ್ದಾರೆ ಅವಳ ಅಪ್ಪ.