ಅಡಿಕೆ ಒಡೆಯದೆ ದರ ಹೇಳಬೇಡಿ

ಶಿರಸಿಯ ಓದುಗರೊಬ್ಬರ ಪತ್ರ: “ಅತಿಶೀತಲ ಫರ್ಮಿ ಅನಿಲದ ಬಣ್ಣದ ಚಿತ್ರವನ್ನೇ ಅಚ್ಚು ಹಾಕಿದ್ದೀರಿ. ಆದರೂ ಎಫ್‌ಎಫ್‌ಎಲ್‌ಒ ಸ್ಥಿತಿಯ ‘ಸುಳಿವು’ ಎಂದು ಬರೆದಿರಿ. ‘ಕಂಡಿದೆ’ ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?”

ಸಂಪಾದಕರ ಉತ್ತರ: ಗಂಟೇನೂ ಹೋಗದು, ಮಾರಾಯರೇ. ಮೊದಲು ಹೊಸಬರಿಗೊಂದು ಮಾತು: ಫರ್ಮಿ ಅನಿಲವೆಂದರೆ ಒಂದೇ ಸ್ಥಿತಿಯಲ್ಲಿ ಎರಡು ಕೂಡಿರಲೊಲ್ಲದ ಪರಮಾಣುಗಳ ಅನಿಲ; ಎಫ್‌ಎಫ್‌ಎಲ್‌ಒ ಎಂದರೆ ಅದರಲ್ಲಿ ಜೋಡಿಗಳು ಆವೇಗ ಹೊತ್ತು ಪಟ್ಟೆಪಟ್ಟೆಯಾಗಿ ಹರಡುವ ಸ್ಥಿತಿ. ಪತ್ರ ಖಡಕ್ಕಾಗಿದೆ, ಚಿತ್ರವನ್ನು ಮಾತ್ರ ಅತಿಯಾಗಿ ನಂಬಿದ್ದೀರಿ. ಆ ಕೆಂಪು-ನೀಲಿ ಕಂಪ್ಯೂಟರ್ ಬಳಿದದ್ದು. ಇಂಥ ಪ್ರಯೋಗದಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಮೂರು ಚಿತ್ರ ತೆಗೆಯುತ್ತದೆ. 671 ನ್ಯಾನೋಮೀಟರ್ ಲೇಸರಿನಲ್ಲಿ ಲಿಥಿಯಂ-6 ಪರಮಾಣುಗಳ ಮೋಡದ ನೆರಳು ಒಂದು. ಪರಮಾಣುಗಳಿಲ್ಲದ ಬರಿ ಲೇಸರ್ ಇನ್ನೊಂದು. ಲೇಸರೂ ಇಲ್ಲದ ಕತ್ತಲೆ ಮೂರನೆಯದು. ಮೊದಲೆರಡರಿಂದ ಕತ್ತಲೆ ಕಳೆದು, ಭಾಗಿಸಿ, ಲಾಗರಿದಮ್ ತೆಗೆದರೆ ಸಾಂದ್ರತೆ ಸಿಗುತ್ತದೆ. ನಡುವೆ ಕನ್ನಡಿಯೊಂದು ಕೂದಲೆಳೆಗಿಂತ ಎಷ್ಟೋ ಕಡಿಮೆ ಅಲುಗಿದರೂ ಇಲ್ಲದ ಪಟ್ಟೆಗಳು ಮೂಡುತ್ತವೆ. ಈ ಸ್ಥಿತಿಯಲ್ಲಿ ಹುಡುಕುವುದೂ ಪಟ್ಟೆಗಳನ್ನೇ ಎಂಬುದು ನೆನಪಿರಲಿ!

ಎರಡು ಬಗೆಯ ಸ್ಪಿನ್ (ಕಣದ ಒಳಗಿನ ಒಂದು ಸ್ಥಿತಿ) ಇರುವ ಕಣಗಳ ಸಂಖ್ಯೆ ಸಮವಿಲ್ಲದಿದ್ದಾಗ, ಒಂದೊಂದು ಬಗೆಯದು ಸೇರಿದ ಜೋಡಿಗಳು ಸುಮ್ಮನಿರದೆ ಆವೇಗ ಹೊತ್ತಿರಬಹುದು ಎಂದು ಫುಲ್ಡೆ ಮತ್ತು ಫೆರೆಲ್ 1964ರಲ್ಲೇ ಲೆಕ್ಕ ಹಾಕಿದ್ದರು. ಲಾರ್ಕಿನ್, ಒವ್ಚಿನ್ನಿಕೊವ್ ಕೂಡ ಅದೇ ಹೊತ್ತಿಗೆ. ಈ ನಾಲ್ವರ ಹೆಸರಿನ ಮೊದಲಕ್ಷರಗಳೇ ಎಫ್‌ಎಫ್‌ಎಲ್‌ಒ. ಲೆಕ್ಕಕ್ಕೊಂದು ನಮಸ್ಕಾರ. ಪಾಡು ಪಟ್ಟವರು ಪ್ರಯೋಗದವರು. ಲಿಥಿಯಂ ಒಲೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಅದರ ಆವಿ ತಾಗಿದರೆ ಗಾಜಿನ ಕಿಟಕಿ ಮಂಕಾಗುತ್ತದೆ. ತೀರಾ ತಣಿದ ಮೇಲೆ ಒಂದೇ ಸ್ಪಿನ್ನಿನ ಪರಮಾಣುಗಳು ಡಿಕ್ಕಿ ಹೊಡೆಯುವುದನ್ನೇ ಬಿಡುತ್ತವೆ; ಡಿಕ್ಕಿಯಿಲ್ಲದೆ ಬಿಸಿಯವನ್ನು ಹಾರಿಸಿ ಉಳಿದವನ್ನು ತಣಿಸುವಂತಿಲ್ಲ. ಅದಕ್ಕೇ ಎರಡು ಸ್ಪಿನ್ ಬೆರೆಸಿ, ಡಿಕ್ಕಿ ಜೋರಾಗಲೆಂದು ಕಾಂತಕ್ಷೇತ್ರವನ್ನು 832 ಗಾಸ್ ಆಸುಪಾಸಿಗೆ ತರುತ್ತಾರೆ.

ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಹ್ಯೂಲೆಟ್ ತಂಡ 2010ರಲ್ಲಿ ಈ ಅನಿಲವನ್ನು ಬೆಳಕಿನ ಸಪೂರ ಕೊಳವೆಗಳಲ್ಲಿ ತುಂಬಿತು. ಎರಡು ಸ್ಪಿನ್ ಏರುಪೇರಾಗಿ ಬೆರೆತ ಭಾಗ ಸಿದ್ಧಾಂತ ಹೇಳಿದಂತೆ ನಡುವಿನಲ್ಲೇ ಸಿಕ್ಕಿತು. ಜೋಡಿಗಳ ಆವೇಗ ಮಾತ್ರ ಅಳತೆಗೆ ಸಿಗಲಿಲ್ಲ. ಬೋಗುಣಿಯಂಥ ಬಲೆಯಲ್ಲಿ ನಡುವೆ ದಟ್ಟ, ಅಂಚಿನಲ್ಲಿ ತೆಳು. ಜಾಗಕ್ಕೊಂದು ಆವೇಗವಾದರೆ ಅದರ ಗುರುತೇ ಕಲಸಿಹೋಗುತ್ತದೆ. ಅಲ್ಲಿಗೆ ‘ಸುಳಿವು’ ಎನ್ನಬಹುದು, ಅಷ್ಟೆ. ಅಡಿಕೆ ಒಡೆಯದೆ ಒಳಗಿನ ಬಣ್ಣ ಹೇಳುವ ವ್ಯಾಪಾರಿಯನ್ನು ಶಿರಸಿಯವರು ನಂಬುತ್ತೀರಾ?

ಇನ್ನು ನಮ್ಮ ಪಿಯುಸಿ ಪ್ರಾಕ್ಟಿಕಲ್ ನೋಡಿ. ಪಕ್ಕದವನ ರೆಕಾರ್ಡಿನಿಂದ ಲೋಲಕದ ರೀಡಿಂಗ್ ಇಳಿಸಿಕೊಂಡು, ಗುರುತ್ವ 980 ಬರುವ ತನಕ ಹಿಂದಿನಿಂದ ಲೆಕ್ಕ ತಿದ್ದುತ್ತಾರೆ. 940 ಬಂದರೆ ದಾರ ಅಳೆದದ್ದು ಗುಂಡಿನ ನಡುವಿಗೋ ಕೊಕ್ಕೆಗೋ ಎಂದು ಕೇಳುವ ಮೇಷ್ಟ್ರು ಎಷ್ಟು ಜನ?

ಅಂದಹಾಗೆ, ಚಿತ್ರದ ಕೆಳಗೆ ‘ಬಣ್ಣ ಕೃತಕ’ ಎಂದು ಹಾಕದೆ ಬಿಟ್ಟದ್ದು ನಮ್ಮದೇ ತಪ್ಪು.