ಅಕ್ಕನಿಗೆ ಮೊಬೈಲು, ತಮ್ಮನಿಗೆ ಕನ್ಸೋಲು

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅಕ್ಕ ಚಿತ್ರ ಬರೆಯುತ್ತಾಳೆ, ತಮ್ಮ ಕೋಡ್ ಬರೆಯುತ್ತಾನೆ. ಇಬ್ಬರೂ ಸೇರಿ ಒಂದು ಗೇಮ್ ಮಾಡುತ್ತಿದ್ದರು. ಅದಕ್ಕಾಗಿ ಅವನು ಕೆಲಸ ಬಿಟ್ಟಿದ್ದ, ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ. ಗೇಮನ್ನು ಮೊದಲು ಮೊಬೈಲಿಗೆ ತರುವುದೋ, ಇಲ್ಲಾ ಗೇಮ್ ಆಡಲೆಂದೇ ಇರುವ ಯಂತ್ರವಾದ ಕನ್ಸೋಲಿಗೋ ಎಂಬುದೇ ಜಗಳ. ಸಲಹೆ ಕೇಳಲು ನನ್ನ ಹತ್ತಿರ ಬರುವ ಹೊತ್ತಿಗೆ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟಿದ್ದರು.

"ಎಲ್ಲರ ಕೈಲೂ ಫೋನಿದೆ ಮೇಡಂ, ಕನ್ಸೋಲ್ ಎಷ್ಟು ಜನರ ಮನೇಲಿದೆ?" ಎಂದಳು ಅಕ್ಕ.

"ಫೋನಲ್ಲಿ ದುಡ್ಡು ಕೊಟ್ಟು ಗೇಮ್ ತಗೊಳ್ಳೋರು ಯಾರಿದಾರೆ ಅಕ್ಕಾ? ಸ್ವಿಚ್, ಪ್ಲೇಸ್ಟೇಷನ್ ಥರದ ಕನ್ಸೋಲ್ ಇರೋರು ಕೊಂಡು ಆಡ್ತಾರೆ," ಎಂದ ತಮ್ಮ.

ಇಬ್ಬರ ಮಾತಲ್ಲೂ ನಿಜವಿತ್ತು. ಅದಕ್ಕೇ ಜಗಳ ಮುಗಿಯುತ್ತಿರಲಿಲ್ಲ.

ವಾದ ಆಮೇಲೆ, ಮೊದಲು ಗೇಮ್ ತೋರಿಸಿ ಎಂದೆ. ಫೋನ್ ಕೊಟ್ಟರು. ಓಡುತ್ತಾ ಹಾರಬೇಕು, ಗಾಳಿಯಲ್ಲಿರುವಾಗಲೇ ಇನ್ನೊಂದು ಬಟನ್ ಒತ್ತಿ ಹಗ್ಗ ಎಸೆಯಬೇಕು. ಗಾಜಿನ ಮೇಲೆ ಬಟನ್ ಎಲ್ಲಿದೆ ಅಂತ ಬೆರಳಿಗೆ ತಿಳಿಯುವುದಿಲ್ಲ ಅಲ್ವಾ? ಪದೇ ಪದೇ ನೀರಿಗೆ ಬಿದ್ದೆ. ಅಕ್ಕ ಬರೆದ ಹೊಳೆ, ಜೊಂಡು, ಪುಟ್ಟ ಮೀನುಗಳು ಪರದೆಯ ಕೆಳಗಡೆ ಇದ್ದವು. ಅವೆಲ್ಲ ನನ್ನ ಹೆಬ್ಬೆರಳಿನಡಿ ಮುಚ್ಚಿಹೋಗಿದ್ದವು. ಅವಳು ಅದನ್ನೇ ನೋಡುತ್ತಿದ್ದಳು. ಆಮೇಲೆ ಲ್ಯಾಪ್‌ಟಾಪಿಗೆ ಕಂಟ್ರೋಲರ್, ಅಂದರೆ ಕೈಯಲ್ಲಿ ಹಿಡಿದು ಆಡುವ ಬಟನ್‌ಗಳ ಸಾಧನ, ಸಿಕ್ಕಿಸಿ ಕೊಟ್ಟರು. ಸ್ವಲ್ಪ ಹೊತ್ತಿಗೇ ಹೊಳೆ ದಾಟಿದೆ.

ಹಾಗಂತ ತಮ್ಮ ಗೆದ್ದ ಅಂತಲ್ಲ. ಅವನು ಬಳಸುತ್ತಿದ್ದುದು ಗೋಡೋ ಎಂಜಿನ್, ಗೇಮ್ ಕಟ್ಟುವ ತಂತ್ರಾಂಶ. ಅದರ ಕೋಡ್ ಎಲ್ಲರಿಗೂ ಮುಕ್ತ. ಕನ್ಸೋಲ್ ಕಂಪನಿಗಳ ತಂತ್ರಾಂಶವೋ ಗುಟ್ಟು ಕಾಯುವ ಒಪ್ಪಂದದೊಳಗೆ ಇರುತ್ತದೆ. ಹಾಗಾಗಿ ಗೋಡೋದಿಂದ ನೇರವಾಗಿ ಕನ್ಸೋಲಿಗೆ ಹೋಗಲು ಆಗುವುದಿಲ್ಲ, ಪೋರ್ಟಿಂಗ್, ಅಂದರೆ ಗೇಮನ್ನು ಇನ್ನೊಂದು ಯಂತ್ರಕ್ಕೆ ಹೊಂದಿಸುವ ಕೆಲಸ, ಬಲ್ಲವರ ನೆರವು ಬೇಕು. ಅದರ ಮೇಲೆ ಕಂಪನಿಯ ಅನುಮತಿ, ಗೇಮ್ ಮಾಡುವವರಿಗೆಂದೇ ಇರುವ ಕನ್ಸೋಲ್ (ಡೆವ್ ಕಿಟ್), ಬಿಡುಗಡೆಗೆ ಮುಂಚೆ ಅವರ ಪರೀಕ್ಷೆ. "ಅಲ್ಲೀವರೆಗೆ ಖರ್ಚು ಯಾರದು?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಬೇಗ ಮೊಬೈಲಿಗೆ ತರಬೇಕೆಂಬ ಅಕ್ಕನ ಅವಸರದ ಹಿಂದೆ ಇದ್ದುದು ಈ ಖರ್ಚಿನ ಭಯವೇ. ಅದನ್ನು ಅವಳು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ.

ನಾನು ಕೊಟ್ಟ ಸಲಹೆ: ಮೊದಲು ಪಿಸಿ, ಅಂದರೆ ಕಂಪ್ಯೂಟರ್. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಗೇಮ್‌ಗೆ 100 ಡಾಲರ್ ಶುಲ್ಕ, ಗೇಮ್‌ನ ಗಳಿಕೆ 1,000 ಡಾಲರ್ ಮುಟ್ಟಿದರೆ ಅದೂ ವಾಪಸ್. ಕಂಟ್ರೋಲರ್‌ನಲ್ಲೇ ಆಡಿಸಬಹುದು. ಒಬ್ಬನೇ ಮಾಡಿದ ಸ್ಟಾರ್‌ಡ್ಯೂ ವ್ಯಾಲಿ ಎಂಬ ಗೇಮ್ 2016ರಲ್ಲಿ ಮೊದಲು ಪಿಸಿಗೆ ಬಂತು, ಅದೇ ವರ್ಷದ ಕೊನೆಗೆ ಕನ್ಸೋಲಿಗೆ. ಐಫೋನಿಗೆ ಬಂದಿದ್ದು 2018ರಲ್ಲಿ, ಆಂಡ್ರಾಯ್ಡ್‌ಗೆ 2019ರಲ್ಲಿ. ಎಲ್ಲರಿಗೂ ಅಂಥ ಯಶಸ್ಸು ಸಿಗುವುದಿಲ್ಲ, ಆದರೆ ಆ ದಾರಿ ಇವರ ಕೈಗೆಟುಕುವಂಥದ್ದು.

ಅಕ್ಕನ ಮೊಬೈಲ್ ಆಸೆಯನ್ನು ಸುಮ್ನೆ ತಳ್ಳಿಹಾಕಬೇಡ ಎಂದು ತಮ್ಮನಿಗೆ ಹೇಳಿದೆ. ಒಂದೇ ಬೆರಳಲ್ಲಿ ಆಡುವ ಪುಟ್ಟ ಗೇಮನ್ನು ಮುಂದೆ ಬೇರೆಯಾಗಿಯೇ ಮಾಡಬಹುದು. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್ ಕಟ್ಟಿದರಾಯಿತು.

ಜಾಸ್ತಿ ಹೊತ್ತು ಹೋದದ್ದು ದುಡ್ಡಿನ ಮಾತಿಗೆ. ಅಕ್ಕನ ಉಳಿತಾಯದಿಂದ ಎಷ್ಟು, ಯಾವ ತಿಂಗಳವರೆಗೆ ಅಂತ ಇಬ್ಬರ ಕೈಯಲ್ಲೂ ಬರೆಸಿದೆ. ಅವನು ಅರ್ಧ ದಿನದ ಕೆಲಸ ಹಿಡಿಯಬೇಕು. ಊಟಕ್ಕೆ ಕೂತಾಗ ಗೇಮ್ ಸುದ್ದಿ ಬೇಡ.

ಮುಂದಿನ ಸಲ ಇಬ್ಬರೂ ಜೊತೆಯಲ್ಲೇ ಬಂದರು. ಅವನಿಗೆ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅಕ್ಕ ಸ್ಟೀಮ್ ಪುಟಕ್ಕೆ ಚಿತ್ರ ಬರೆಯುತ್ತಿದ್ದಳು. ಡೆಮೊ ಆಡಿದವರು ಏನನ್ನುತ್ತಾರೆ ನೋಡಿಕೊಂಡು ಕನ್ಸೋಲ್ ಮಾತು ಎತ್ತುವುದೆಂದು ಒಪ್ಪಿಕೊಂಡಿದ್ದಾರೆ.